ನಂಜುಂಡರ ಬಲಗಾಲು

"ಹಲೋ... ಯಾರು ಮಾತಾಡೋದು?... ಹಾಂ, ಕಲ್ಯಾಣದ ವೇದಾ ಮೇಡಂ. ಹೇಳಿ."

ಥಾಣೆಯ ವಾಗ್ಳೆ ಎಸ್ಟೇಟ್ ಕೈಗಾರಿಕಾ ಪ್ರದೇಶದ ತನ್ನ ಗ್ಯಾರೇಜಿನ ಶಟರನ್ನು ಅರ್ಧ ಎತ್ತಿದ್ದ ತಾರಾನಾಥ, ಹಳೇ ಟೈರಿನ ಮೇಲೆ ಕುಳಿತುಬಿಟ್ಟ. ಚಳಿ ಶುರುವಾದಾಗಿನಿಂದ ಹಳೇ ಕಾರ್ಬುರೇಟರ್ ಕಾರಿನವರದು ಬೆಳಗಾದರೆ ಇದೇ ಗೋಳು.

"ಸ್ಟಾರ್ಟ್ ಆಗುದಿಲ್ವಾ?... ಸೆಲ್ಫ್ ತಿರುಗ್ತದೆ ಅಲ್ವಾ? ಹಾಗಾದ್ರೆ ಬ್ಯಾಟರಿ ಸರಿ ಉಂಟು... ಪೆಟ್ರೋಲ್ ವಾಸನೆ?... ಜೋರಾ? ಓವರ್‌ಫ್ಲೋ ಆಗಿದೆ ಮೇಡಂ. ಪ್ಲಗ್ ನೆಂದಿರ್ತದೆ. ಇವತ್ತೊಂದು ದಿನ ರಿಕ್ಷಾದಲ್ಲಿ ಹೋಗಿ..."

"ಓ... ಯಜಮಾನ್ರು ರಿಕ್ಷಾ ಹತ್ತುದೇ ಇಲ್ವಾ? ಕಿರುಚ್ತಾರಾ?... ಎಲ್ಲ ಮರೆತು ಈ ಕಾರೊಂದೇ ಗುರುತಾ... ಥಾಣೆ ಡಾಕ್ಟರ್ ಎಷ್ಟು ಗಂಟೆಗೆ?... ಹತ್ತಕ್ಕಾ? ತಪ್ಪಿದ್ರೆ ಮತ್ತೆ ಎರಡು ತಿಂಗಳಾ?..."

ತಾರಾನಾಥ ಕಣ್ಣುಜ್ಜಿಕೊಂಡ.

"ಈಗ ನಂಜುಂಡ ಸರ್ ಎಲ್ಲಿದ್ದಾರೆ?... ಸ್ಟೇರಿಂಗ್ ಹಿಂದೆಯಾ? ಅವರ ಕಾಲು ನೋಡಿ... ಹಾಂ! ಆಕ್ಸಿಲರೇಟರ್ ಒತ್ತಿ ಒತ್ತಿ ಬಿಡ್ತಾ ಇದ್ದಾರಾ? ಅದೇ ಮೇಡಂ. ಒಂದೊಂದು ಸಲ ಒತ್ತಿದಾಗ್ಲೂ ಒಳಗೆ ಪೆಟ್ರೋಲ್ ಚಿಮ್ತದೆ. ಚಳಿಗೆ ಆರುದಿಲ್ಲ..."

"ಬೈಬೇಡಿ... ಬೈಬೇಡಿ ಮೇಡಂ. ಅವರ ಲೆಕ್ಕಕ್ಕೆ ಕಾರು ಓಡ್ತಾ ಉಂಟು... ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?..."

ಆ ಕಡೆಯಿಂದ ಅಳು ಕೇಳಿಸಿತು. ಸಮಾಧಾನ ಹೇಳುವ ತ್ರಾಣ ಇವನಲ್ಲೂ ಉಳಿದಿರಲಿಲ್ಲ. ಗೊತ್ತಿದ್ದುದು ಕಾರಿನ ಕೆಲಸ, ಅದನ್ನೇ ಹೇಳಿದ.

"ಚೋಕ್ ಪೂರ್ತಿ ಒಳಗೆ ತಳ್ಳಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಕಿಟಕಿಯಿಂದ ಕೀ ಕೈಗೆ ಸಿಗ್ತದಾ?... ಸರಿ, ಫೋನ್ ಸ್ಪೀಕರಿಗೆ ಹಾಕಿ."

"ನಮಸ್ಕಾರ ಸರ್, ಗ್ಯಾರೇಜಿನ ತಾರಾನಾಥ... ಇರ್ಲಿ, ನೆನಪಾಗದಿದ್ರೂ ಅಡ್ಡಿಯಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ. ಒತ್ತಿಯೇ ಇದ್ರೆ ಗಾಳಿ ಹೊಕ್ಕು ಪೆಟ್ರೋಲ್ ಆರ್ತದೆ, ಕಾಲು ಬಿಡ್ಬೇಡಿ... ಮೇಡಂ, ಈಗ ಕೀ... ಇನ್ನೂ... ಸಾಕು, ತಡೀರಿ... ಇನ್ನೊಂದ್ಸಲ..."

ಎಂಜಿನ್ ಕೆಮ್ಮಿತು, ತಡವರಿಸಿತು. ಆಮೇಲೆ ಫೋನಿನ ತುಂಬ ಅದರದೇ ಸದ್ದು.

"ಈಗ ನಿಧಾನ ಕಾಲು ತೆಗೀರಿ ಸರ್... ಹಾಂ, ನೀವೇ ಸ್ಟಾರ್ಟ್ ಮಾಡಿದ್ದು... ಒಂದು ಉಪಕಾರ ಆಗ್ಬೇಕು. ಎಡಗಡೆ ಸೀಟಲ್ಲಿ ಕೂತು ಎಂಜಿನ್ ಸದ್ದು ಹೇಗುಂಟು ಹೇಳ್ಬೇಕು. ಅಷ್ಟು ಹೊತ್ತು ಮೇಡಂ ಸ್ಟೇರಿಂಗ್ ಹಿಡೀತಾರೆ... ಆಗ್ಬಹುದಾ?..."

ತಾರಾನಾಥ ಎದ್ದು ನಿಂತ. ಕೊನೆಗೆ ಬಾಗಿಲು ತೆರೆದ ಸದ್ದು. ಎಳೆದೆಳೆದು ಇಡುವ ಹೆಜ್ಜೆ. ಒಂದರ ಹಿಂದೊಂದು ಎರಡು ಬಾಗಿಲು ಮುಚ್ಚಿದವು.

"ಹೇಗುಂಟು ಸರ್?... ಏನು?... ನಂಗಲ್ವಾ? ಕ್ಲಚ್ ಮೆಲ್ಲ ಬಿಡು ಅಂತ ಮೇಡಂಗೆ ಹೇಳಿದ್ದಾ?... ಹೇಳಿ ಸರ್, ಥಾಣೆವರೆಗೂ ಹೇಳ್ತಾನೇ ಇರಿ... ಮೇಡಂ, ಎಂತ, ನಗ್ತಾ ಇದ್ದೀರಾ?... ಹಲೋ?... ಹಲೋ..."

ಲೈನು ಕಡಿದಿತ್ತು.