ತಟ್ಟಿಯಾಚೆಯ ಆನೆ

ಮೆಕಾಂಗ್ ನದಿ ದಾಟುವ ದೋಣಿಗೆ ಕಾಯುತ್ತ ನನ್ನ ಮುಂದೆ ಇಬ್ಬರು ಶಾಲಾ ಶಿಕ್ಷಕಿಯರು ನಿಂತಿದ್ದರು. ಕಿರಿಯಳು ಹಿರಿಯಳನ್ನು ಬುವಾವನ್ ಅಕ್ಕ ಎನ್ನುತ್ತಿದ್ದಳು.

“ಪಕ್ಕದ ಕ್ಲಾಸಲ್ಲಿ ಆ ಹೊಸ ಟೀಚರ್ ಮಾಲೈಥೋಂಗ್ ಇಂಗ್ಲಿಷ್ ಪಾಠದಲ್ಲಿ ‘ಎಲಿಫೆಂಟ್’ ಅಂತ ಕೂಗ್ತಾಳೆ. ಅವಳ ಮಕ್ಕಳು ಕೈಯನ್ನೇ ಸೊಂಡಿಲು ಮಾಡ್ಕೊಂಡು ಕುಣೀತಾವೆ. ಮಧ್ಯೆ ಇರೋದು ಬರೀ ಬಿದಿರು ತಟ್ಟಿ. ಈಚೆ ನನ್ನ ಮಕ್ಕಳೂ ಸೊಂಡಿಲು ಎತ್ತುತ್ತಾವೆ!”

“ಬಿಟ್ಟಿ ಪಾಠ ಆಯ್ತಲ್ಲ ಬುವಾವನ್ ಅಕ್ಕ!”

“ನಗು, ನಗು. ನಿನ್ನೆ ಮೊನ್ನೆ ಬಂದೋಳು ಅವಳು. ಇಷ್ಟು ವರ್ಷ ನಾನೇನು ಕತ್ತೆ ಕಾಯ್ತಿದ್ನಾ?”

“ನೀನೂ ಆಡಿಸು, ಯಾರು ಬೇಡ ಅಂದ್ರು?”

“ಆಡಿಸ್ದೆ. ಇವತ್ತು ಅವಳು ರಜ. ನಾನೇ ಗಂಟಲು ಹರಿಯೋ ಹಾಗೆ ‘ಎಲಿಫೆಂಟ್’ ಅಂದೆ.”

“ಎತ್ತಿದ್ವಾ ಸೊಂಡಿಲು?”

“ಎತ್ತಿದ್ವು. ಎಲ್ಲಾ ತಟ್ಟಿ ಕಡೆ ತಿರುಗಿ.”

ಕಿರಿಯಳು ಈ ಸಲ ನಗಲಿಲ್ಲ. ದೋಣಿ ಬಂದಾಗ ಇಬ್ಬರೂ ಹತ್ತಿದರು.