ತಲೆದಿಂಬಿನ ಕಡೆಯ ಗೋಡೆ

...ಅಯ್ಯೋ, ಚೀಲ ಕೈಯಲ್ಲೇ ಹಿಡ್ಕೊಂಡು ನಿಂತಿದೀರಲ್ಲ ಬೀಗರೇ! ಇದೇನು ಬಸ್ ಸ್ಟ್ಯಾಂಡಾ? ಇಳಿಸಿ. ಇಳಿಸಿ ಅಂದೆ. ಬೇಡ್ವಾ? ಸರಿ, ಹಿಡ್ಕೊಂಡಿರಿ, ಕೈ ನೋವು ಬಂದಾಗ ತಾನಾಗೇ ಇಳಿಯುತ್ತೆ. ಬಾಗಿಲ ಹತ್ರ ಸುಣ್ಣದ ಬಕೆಟ್ಟು ಕಾಲಿಗೆ ತಗುಲ್ತಲ್ಲ, ಪೆಟ್ಟಾಯ್ತಾ? ಅರ್ಧ ಬಕೆಟ್ ಉಳಿದುಬಿಟ್ಟಿತ್ತು, ಎಲ್ಲಿ ಇಡಬೇಕೋ ತೋಚದೆ ಅಲ್ಲೇ ಇಟ್ಟೆ. ನಿಮ್ಮ ಮಗಳು, ನನ್ನ ಮಗ ಇಬ್ಬರೂ ಕೆಲಸ ಮುಗಿಸಿ ಬರೋ ಹೊತ್ತಿಗೆ ಸಂಜೆ. ಅಲ್ಲೀತನಕ ಈ ಮುದುಕನೇ ನಿಮಗೆ ಗತಿ.

ಬನ್ನಿ, ಇದೇ ನಿಮ್ಮ ಕೋಣೆ. ನೆಂಟರಿಷ್ಟರಿಗೆ ಅಂತಲೇ ಮೀಸಲು. ವರ್ಷವೆಲ್ಲ ಖಾಲಿ. ನಾನಾ? ನನ್ನದು ಮೇಲೆ! ಏನು ಗಾಳಿ ಅಂತೀರಿ! ಒಂದಿನ ಕಿಟಕಿ ತೆಗೆದಿಟ್ಟು ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡ್ತೀನಿ, ನನ್ನ ಹೊದಿಕೆ ಪಕ್ಕದ ಬೀದಿಯ ದೀಪದ ಕಂಬ ಹೊದ್ಕೊಂಡು ನಿಂತಿದೆ... ಯಾಕೆ ಸೂರು ನೋಡ್ತೀರಿ? ಮೆಟ್ಟಿಲು ಎಲ್ಲಿ ಅಂತಾನಾ? ಹೊರಗಿಂದ ಇದೆ. ಹಿಂದುಗಡೆ. ನಿಮ್ಮ ಮಂಡಿಗೆ ಅದು ಆಗೋ ಮಾತಲ್ಲ, ಬಿಡಿ.

ಹಾಸಿಗೆ ಮುಟ್ಟಿ ನೋಡಿ. ಒತ್ತಿ! ಹಾಗಲ್ಲ, ಮೊಣಕೈಯಿಂದ ಒತ್ತಬೇಕು. ಹತ್ತಿಯೆಲ್ಲ ಬಿಚ್ಚಿ, ಬಿಸಿಲಿಗೆ ಹಾಕಿ, ಹಿಂಜಿ, ಮತ್ತೆ ತುಂಬಿ ಹೊಲಿದಿದೀನಿ. ಈ ಕೈ ಇನ್ನೂ ಮರೆತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಆ ಗಾದೆ ನನ್ನ ಅಂಗಡೀಲಿ ನಡೀತಿರ್ಲಿಲ್ಲ. ಕಾಲು ಎಷ್ಟಿದೆಯೋ ಅಷ್ಟು ಹಾಸಿಗೆ! ಒಬ್ಬ ಜಡ್ಜಿಗೆ ಹೊಲಿದು ಕೊಟ್ಟಿದ್ದೆ, ಹೇಳಿದೀನಾ? ಮಲಗಿದವರು ಏಳಲೇ ಇಲ್ಲ. ಸತ್ತೇ ಹೋದ್ರು ಅಂತ ಮನೆಯವರು ಅಳೋಕೆ ಶುರು ಮಾಡಿದ್ರೆ, ಗೊರಕೆ! ಕೋರ್ಟಿನಲ್ಲಿ ಆಸ್ತಿಗೆ ಹೊಡೆದಾಡ್ತಿದ್ದ ಎರಡು ಮನೆಯವರು ಕಾದೂ ಕಾದೂ, ಬುತ್ತಿ ಹಂಚ್ಕೊಂಡು ತಿಂದೂ ತಿಂದೂ, ಕೊನೆಗೆ ಬೀಗರಾಗಿಬಿಟ್ರು. ಜಡ್ಜು ಎದ್ದು ಬರೋ ಹೊತ್ತಿಗೆ ಕೇಸೇ ಇಲ್ಲ!

ನಗು ಬರ್ಲಿಲ್ವಾ?

ಸರಿ, ಈ ದಿಂಬು ಕೇಳಿ. ಇದರಲ್ಲಿ ತುಂಬಿರೋ ಹತ್ತಿ ಎಷ್ಟು ಹಗುರ ಅಂದ್ರೆ, ದಾರ ಕಟ್ಟಿ ಮಂಚಕ್ಕೆ ಬಿಗೀಬೇಕು, ಇಲ್ಲಾಂದ್ರೆ ಮೇಲಕ್ಕೆ ಹೋಗುತ್ತೆ. ಒಂದು ಹಾಗೇ ಹಾರಿಹೋಗಿ, ಮೋಡ ಅಂದ್ಕೊಂಡು ಜನ ಕೊಡೆ ಬಿಚ್ಚಿದ್ರು... ಇದಕ್ಕೂ ಇಲ್ವಾ? ಅಲ್ಲ ಬೀಗರೇ, ಕ್ಷೌರದ ಅಂಗಡಿ ಇಟ್ಟಿದ್ದ ಮನುಷ್ಯ ಮಾತಾಡಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ? ಮಕ್ಕಳ ಮದುವೆ ದಿನ ನೆನಪಿದೆಯಾ? ನಾನು ಆನೆ ಮಲಗೋ ಹಾಸಿಗೆ ಹೊಲಿದೆ ಅಂದೆ. ನೀವು ಎಲ್ಲರೆದುರಿಗೆ ಏನಂದ್ರಿ? "ಹೌದು ಹೌದು, ಆ ಆನೆಗೆ ಬಾಲದ ಕೂದಲು ಟ್ರಿಮ್ ಮಾಡಿದ್ದು ನಾನೇ" ಅಂತ! ಜನ ಬಿದ್ದೂ ಬಿದ್ದೂ ನಕ್ಕರು. ನನಗೆ ಮೈಯೆಲ್ಲ ಉರೀತು. ಅವತ್ತೇ ಮನಸಲ್ಲಿ ಅಂದ್ಕೊಂಡೆ... ಈ ಮನುಷ್ಯ ನನಗೆ ಸರಿಸಮ ಅಂತ. ಬಾಯಿಬಿಟ್ಟು ಹೇಳ್ಲಿಲ್ಲ. ಗಂಡಿನ ಅಪ್ಪ ಅಲ್ವಾ, ಬಿಗುಮಾನ.

ಗೊತ್ತು. ನಿಮ್ಮ ಮನೆಯವರು ತೀರಿಹೋದಮೇಲೆ ನೀವು ಬಾಯಿ ಮುಚ್ಚಿದ್ದು ಅಂತ ಮಗಳು ಹೇಳಿದ್ಲು. ಫೋನಿನಲ್ಲಿ ಒಂದೇ ಮಾತು ಆಡಿದ್ರಂತೆ, "ಯಾರನ್ನಾದ್ರೂ ಎಬ್ಬಿಸಿ ನನಗೆ ಜಾಗ ಮಾಡೋದಾದ್ರೆ ನಾನು ಬರಲ್ಲ, ಬಂದ್ರೂ ಅದೇ ಬಸ್ಸಿಗೆ ವಾಪಸ್" ಅಂತ. ಅವಳು ಕಣ್ಣು ಒರೆಸ್ಕೊಂಡು ನಿಂತಿದ್ಲು. ನಾನೇ ಹೇಳಿದೆ, "ಏ ಹುಡುಗಿ, ಜಾಗಕ್ಕೇನು ಬರ? ಕೋಣೆ ದೆವ್ವ ಓಡಾಡೋ ಹಾಗೆ ಖಾಲಿ ಬಿದ್ದಿದೆ, ಕರೆಸ್ಕೋ ನಿಮ್ಮಪ್ಪನ್ನ" ಅಂತ. ಆಯ್ತಲ್ಲ? ಯಾರನ್ನೂ ಎಬ್ಬಿಸಿಲ್ಲ. ಚೀಲ ಇಳಿಸಿ ಇನ್ನಾದ್ರೂ.

ನನ್ನನ್ನ ನೋಡಿ. ನಮ್ಮವಳು ಹೋದಾಗ ನೀವೂ ಬಂದಿದ್ರಲ್ಲ, ಒಂದು ತೊಟ್ಟು ಕಣ್ಣೀರು ನೋಡಿದ್ರಾ? ಮಾರನೇ ದಿನ ಎದ್ದೆ, ಸೂಜಿ ದಾರ ತಗೊಂಡೆ, ಕೂತೆ. ಗಂಡಸು ಅಂದ್ರೆ ಹಾಗಿರಬೇಕು. ಕಲ್ಲು!

ಬನ್ನಿ, ಬನ್ನಿ, ಕೋಣೆ ವಿಷಯ ಹೇಳಿಬಿಡ್ತೀನಿ. ಆ ಕಿಟಕಿ ಬಾಗಿಲು ಪೂರ್ತಿ ತಳ್ಳಬೇಡಿ, ಅರ್ಧಕ್ಕೆ ನಿಲ್ಲಿಸಿ, ಇಲ್ಲಾಂದ್ರೆ ಬೆಕ್ಕಿನ ಮರಿ ಥರ ಕಿರ್ರ್ ಅನ್ನುತ್ತೆ. ಬೆಳಗಿನ ಜಾವ ಹಾಲಿನ ಗಾಡಿಯವನು ಕಬ್ಬಿಣದ ಪೆಟ್ಟಿಗೆ ಎಸೀತಾನೆ, ಬೆಚ್ಚಬೇಡಿ, ಎರಡು ಸಲ ಎಸೆದು ಹೋಗ್ತಾನೆ. ಎಡಗಡೆ ಮಗ್ಗುಲಾದ್ರೆ ಪಕ್ಕದ ಮನೆಯವನ ಕೆಮ್ಮು ಕೇಳುತ್ತೆ. ಬಲಗಡೆ ಮಲಗಿ. ಕತ್ತಲಲ್ಲಿ ಏಳಬೇಕಾದ್ರೆ ಮಂಚದ ಕಾಲು ಹಿಡ್ಕೊಂಡು ಮೂರು ಹೆಜ್ಜೆ, ಆಮೇಲೆ ಕೈ ಚಾಚಿದ್ರೆ ಸ್ವಿಚ್ಚು...

ಏನು, ಹಾಗೆ ನೋಡ್ತೀರಿ? ನೆಂಟರು ಹೇಳಿದ್ದು! ಬಂದ ನೆಂಟರೆಲ್ಲ ಇದನ್ನೇ ಹೇಳ್ತಾರೆ.

ಮಂಚ ಅಗಲ ಆಯ್ತು ಅಂತಾನಾ? ಒಬ್ಬರಿಗೆ ಅಗಲವೇ. ನೆಂಟರು ಹೊರಳಾಡ್ಲಿ ಅಂತ ನಾನೇ ಹೇಳಿ ಮಾಡಿಸಿದ್ದು. ನೀವೂ ಹೊರಳಾಡಿ. ಉರುಳಿ ಬಿದ್ರೆ ಮಾತ್ರ ನನ್ನನ್ನ ಕೂಗಬೇಕು. ಕೂಗೋಕೆ ಬಾಯಿ ಬೇಕು, ನೆನಪಿರ್ಲಿ!

ಆ ಕಲೆನಾ? ಅದು ತೇವ. ಗೋಡೆಯೊಳಗಿಂದ ಬರುತ್ತೆ. ಮೂರು ಸಲ ಸುಣ್ಣ ಹೊಡೆದೆ ಬೀಗರೇ, ಒಣಗೋ ತನಕ ಬಿಳೀ ಹಾಲು, ಒಣಗಿದ ಮೇಲೆ ಮತ್ತೆ ಹಾಜರು. ದುಂಡಗೆ. ಹಳದಿಗೆ... ಚೀಲ ಕೆಳಗಿಟ್ಟು ಯಾಕೆ ಮುಟ್ಟಿ ನೋಡ್ತೀರಿ? ಮೂಸಿ ಬೇರೆ ನೋಡ್ತೀರಾ? ಹೋ, ಸರಿ. ನಿಮಗೆ ಗೊತ್ತಾಗದೆ ಇರುತ್ತಾ! ನಿಮ್ಮ ಅಂಗಡಿ ಬೆಂಚಿನ ಹಿಂದೆ ಗೋಡೆ ತುಂಬ ಇದೇ ಸಾಲು, ಎಣ್ಣೆ ತಲೆ ಆನಿಸಿ ಕೂತವರದ್ದು. ಆಯ್ತು, ತೇವ ಅಲ್ಲ. ಯಾವುದೋ ನೆಂಟರ ತಲೆ. ಒಬ್ಬ ನೆಂಟ ಬಹಳ ದಿನ ಇದ್ದ. ಬಹಳ ಎಣ್ಣೆ ಹಚ್ಚೋನು.

ನನ್ನ ತಲೆ ಯಾಕೆ ನೋಡ್ತೀರಿ?

ಕ್ಯಾಲೆಂಡರಾ? ಹೌದು, ಕೆಳಗೇ ಹೊಡೆದಿದೀನಿ ಮೊಳೆ. ನನ್ನ ಉಪಾಯ ಅದು! ಎಲ್ಲರ ಮನೇಲೂ ಕ್ಯಾಲೆಂಡರ್ ಆಕಾಶಕ್ಕೆ ತೂಗುಹಾಕ್ತಾರೆ, ತಾರೀಖು ನೋಡೋಕೆ ಎದ್ದು ನಿಲ್ಲಬೇಕು. ಇಲ್ಲಿ ದಿಂಬಿಗೆ ಒರಗಿ ಕೂತು, ಹೀಗೆ ಕತ್ತು ತಿರುಗಿಸಿದ್ರೆ ಆಯ್ತು. ನೆಂಟರಿಗೆ ಅನುಕೂಲ. ಅಕ್ಷರ ಬಾರದ ನನಗೆ ತಾರೀಖಿನ ಹಂಗ್ಯಾಕೆ, ಅದು ನಿಮಗೋಸ್ಕರ...

ಅದನ್ನ ಮುಟ್ಟಬೇಡಿ. ಮೊಳೆ ಸಡಿಲ ಇದೆ.

ಬೀಗರೇ, ಬೇಡ. ಎತ್ತಬೇಡಿ.

...

ಹೂಂ. ನೋಡಿದ್ರಿ.

ಸುಣ್ಣ ಸಾಲ್ಲಿಲ್ಲ. ಅದಕ್ಕೇ ಆ ಇನ್ನೊಂದು ಕಲೆ ಅಷ್ಟಗಲ ಹಾಗೇ ಬಿಟ್ಟೆ...

ಬಾಗಿಲ ಕಡೆ ನೋಡಬೇಡಿ. ಅರ್ಧ ಬಕೆಟ್ ಇದೆ, ಗೊತ್ತು. ಸಾಲ್ಲಿಲ್ಲ ಅಂತಲ್ಲ. ನನ್ನ ಕಲೆ ಮೇಲೆ ಎಳೆದ ಬ್ರಷ್ಷು ಅಲ್ಲೀವರೆಗೆ ಬಂತು. ಬಂದು... ಸುಣ್ಣ ತೊಟ್ಟಿಕ್ತಾ ಇತ್ತು, ನಾನು ಹಿಡ್ಕೊಂಡು ನಿಂತೇ ಇದ್ದೆ. ನಮ್ಮವಳ ತಲೆ ಅಷ್ಟೇ ಎತ್ತರಕ್ಕೆ ಬರ್ತಿತ್ತು. ಗಿಡ್ಡಿ. ಗೋಡೆಗೆ ಒರಗಿ ಕೂತು ಕೇಳ್ತಿದ್ಲು, ನಾನು ಬಿಡೋ ಬುರುಡೆನೆಲ್ಲ. ಆ ಜಡ್ಜಿನ ಕಥೆ ಸಾವಿರ ಸಲ ಕೇಳಿದಾಳೆ. ಒಂದು ಸಲಾನೂ ಸುಳ್ಳು ಅನ್ನಲಿಲ್ಲ. "ಆಮೇಲೆ?" ಅಂತಿದ್ಲು. ಆಮೇಲೆ ಏನಾಯ್ತು ಅಂತ ಗೊತ್ತಿದ್ದೂ.

ಚೀಲ! ಚೀಲ ಯಾಕೆ ಎತ್ಕೊಂಡ್ರಿ? ನಿಲ್ಲಿ ಬೀಗರೇ, ನಿಮಗೆ ಕೈ ಮುಗೀತೀನಿ. ಹೌದು, ನನ್ನದೇ ಕೋಣೆ. ಮೇಲೆ ನೀರಿನ ಟ್ಯಾಂಕು ಬಿಟ್ರೆ ಏನೂ ಇಲ್ಲ, ಮೆಟ್ಟಿಲ ಕೆಳಗೆ ಹಾಸ್ಕೊಂಡಿದೀನಿ. ಆದ್ರೆ ಯಾರೂ ಎಬ್ಬಿಸಲಿಲ್ಲ! ನಿಮ್ಮ ಮಗಳು ಬೇಡ ಬೇಡ ಅಂತ ಜಗಳವಾಡಿದ್ಲು, ನನ್ನ ಮಗ ಎರಡು ದಿನ ಮಾತು ಬಿಟ್ಟ. ನಾನೇ ಎದ್ದೆ. ಈ ಅಗಲದ ಮಂಚದಲ್ಲಿ ಒಬ್ಬನೇ... ಮಕ್ಕಳು ಒಳ್ಳೆಯವರೇ, ಉಣ್ಣೋಕೆ ಕೊಡ್ತಾರೆ, ಔಷಧಿ ತರ್ತಾರೆ. ಕಥೆ ಶುರು ಮಾಡಿದ್ರೆ, "ಅಪ್ಪ, ಇದು ಹೇಳಾಯ್ತು" ಅಂತಾರೆ. ಹೇಳಾಗಿದೆ, ನಿಜ. ಹಾಗಂತ ಏನು ಮಾಡ್ಲಿ? ನಿಮ್ಮ ಹೆಸರು ಬಂದಾಗ ನನಗೆ ಆನೆ ಬಾಲ ನೆನಪಾಯ್ತು. ಆ ಮನುಷ್ಯ ಬರ್ಲಿ ಅನ್ನಿಸ್ತು. ನಿಮ್ಮ ಮೇಲಿನ ಕರುಣೆಗೆ ಕರೆಸಿದ್ದಲ್ಲ, ಬೀಗರೇ. ಅಷ್ಟು ದೊಡ್ಡ ಮನುಷ್ಯ ಅಲ್ಲ ನಾನು. ಹೋಗಬೇಡಿ.

...ಚೀಲ ಮಂಚದ ಕೆಳಗೆ ತಳ್ಳಿದ್ರಾ?

ದಿಂಬು ಎಲ್ಲಿಗೆ ಒಯ್ತೀರಿ? ಅದು ಕಾಲು ಹಾಕೋ ಕಡೆ! ಅಲ್ಲಿ ತಲೆ ಇಟ್ರೆ ಕಿಟಕಿ ಬೆಳಕು ನೇರ ಕಣ್ಣಿಗೆ ಹೊಡೆಯುತ್ತೆ, ಹಾಲಿನ ಗಾಡಿಯವನು ಕಿವಿಯಲ್ಲೇ ಪೆಟ್ಟಿಗೆ ಎಸೀತಾನೆ. ಈ ಕಡೆ ಗೋಡೆಗೆ ಒರಗಿ ಕೂತ್ರೆ...

ಓ.

ಒರಗಬಾರದು ಅಂತಾನಾ.

ಆಯ್ತು. ಕ್ಯಾಲೆಂಡರ್ ಬಿಡಿ, ಮತ್ತೆ ನಾನೇ ತೂಗುಹಾಕ್ತೀನಿ. ಏನು, ಕೂತ್ಕೋ ಅಂತೀರಾ? ನನ್ನ ಮಂಚದ ಮೇಲೆ ನನಗೇ ಜಾಗ ಕೊಡ್ತೀರಾ? ಭಲೇ ನೆಂಟರು! ಕೂತೆ, ಕೂತೆ. ತೋಳು ಎಳೀಬೇಡಿ.

...ಒಂದು ಮಾತು ಕೇಳ್ಲಾ? ನಿಮ್ಮದು ಬಾಡಿಗೆ ಮನೆ ಅಲ್ವಾ. ಬೀಗದ ಕೈ ಕೊಟ್ಟು ಬಂದ್ರಿ. ಮಾಲೀಕ ಸುಣ್ಣ ಹೊಡೆಸ್ತಾನೆ, ಹೊಡೆಸದೆ ಇರ್ತಾನಾ? ಅಲ್ಲೂ ಇತ್ತಾ... ಗೋಡೆ ಮೇಲೆ?

ಕೈ ಅಷ್ಟು ಮೇಲಕ್ಕೆ ಎತ್ತಿದ್ರಾ? ಅಷ್ಟು ಎತ್ತರಕ್ಕಾ? ತಡೀರಿ, ಹಾಗೇ ಹಿಡ್ಕೊಂಡಿರಿ, ನೋಡ್ತೀನಿ.

ಹೌದು. ನಮ್ಮವಳಿಗಿಂತ ನಾಲ್ಕು ಬೆರಳು ಮೇಲೆ.