ಕಸಿದುಕೊಂಡ ಮಾಸ್ಕ್

ಜತ್ತ ಬಸ್‌ಸ್ಟ್ಯಾಂಡಿನಲ್ಲಿ ಉಟಗಿ ಬಸ್ಸಿಗೆ ಕಾಯುತ್ತಿದ್ದ ಗೊಲ್ಲಾಳಪ್ಪನಿಗೆ ಪಕ್ಕದ ಬೆಂಚಿನಲ್ಲಿದ್ದ ಇಬ್ಬರು ನರ್ಸುಗಳ ಜಗಳ ಕೇಳಿಸಿತು. ಹಿರಿಯಳ ದನಿ ಏರಿತ್ತು.

“ದುಂಡವ್ವಾ, ಆಪರೇಶನ್ನಿಗೆ ಪೇಶಂಟಿಗೆ ಈಥರ್ ಕೊಟ್ಟು ಮಲಗಸೂದು ಕಲತಿ. ಅದನ್ನ ಇನ್ನೊಬ್ಬರಿಗೆ ಕಲಸೂದು ನಿನಗ ಬರಲಿಲ್ಲ.”

“ಪೇಶಂಟಿನ ಉಸಿರು ನಿಂತಿತ್ರಿ ಸಿಸ್ಟರ್. ಕಲಿಯಾಕ ಬಂದ ಚನ್ನವ್ವನ ಕೈಯಾಗಿನ ಈಥರ್ ಮಾಸ್ಕ್ ಕಸಗೊಂಡೆ. ತಪ್ಪೇನ್ರಿ?”

“ಕಸಗೊಂಡದ್ದು ಚಲೋ ಆತು. ಉಸಿರು ಬಂದಮ್ಯಾಲ ತಿರುಗಿ ಯಾಕ ಕೊಡಲಿಲ್ಲ? ಎಲ್ಲಾರ ಮುಂದ ‘ಕುರಿ ಕಾಯಾಕ ಹೋಗು’ ಅಂತ ಹೊರಗ ಹಾಕಿದಿ!”

“ಸಿಟ್ಟು ಬಂದಿತ್ರಿ.”

“ಸಿಟ್ಟಲ್ಲ, ಅಂಜಿಕಿ. ನಿನ್ನ ಮೊದಲನೇ ಕೇಸಿನ್ಯಾಗೂ ಉಸಿರು ನಿಂತಿತ್ತು. ನಾ ಪೇಶಂಟಿನ ಗದ್ದ ಎತ್ತಿ ಉಸಿರು ತಂದೆ. ಆಮ್ಯಾಲ ಮಾಸ್ಕ್ ಯಾರ ಕೈಯಾಗ ಕೊಟ್ಟೆ?”

ದುಂಡವ್ವ ನೆಲ ನೋಡಿದಳು.

“ನನ್ನ ಕೈಯಾಗರಿ.”

“ಚನ್ನವ್ವ ಟ್ರಂಕ್ ತಗೊಂಡು ತನ್ನ ಊರು ಉಟಗಿಗೆ ಹೋಗ್ಯಾಳ.”

“ನಾಳೆ ಪತ್ರ ಬರೀತೇನ್ರಿ.”

“ಪತ್ರ? ಹೊರಗ ಹಾಕುವಾಗ ಪತ್ರ ಬರದಿದ್ದಿ ಏನು?”

ಉಟಗಿ ಬಸ್ಸು ಬಂತು. ಗೊಲ್ಲಾಳಪ್ಪ ಏಳುವಷ್ಟರಲ್ಲಿ ದುಂಡವ್ವ ಅವನನ್ನು ಸರಿಸಿ ಹತ್ತಿಬಿಟ್ಟಳು.

“ಉಟಗಿಯಿಂದ ತಿರುಗಿ ಬರೂ ಬಸ್ ಎಷ್ಟಕ್ಕರಿ?” ಎಂದು ಕಂಡಕ್ಟರನನ್ನು ಕೇಳಿದಳು.

ಕಿಟಕಿಯ ಕೆಳಗೆ ನಿಂತ ಹಿರಿಯಳು ಇನ್ನೂ ಬೈಯುತ್ತಿದ್ದಳು:

“ಬರೂವಾಗ ಎರಡು ಟಿಕೀಟು ತಗೀ. ಒಬ್ಬಾಕಿನ ಬಂದ್ರ ಆಪರೇಶನ್ ಖೋಲಿಗೆ ಕಾಲಿಡಬ್ಯಾಡ!”